ಪಾವಗಡಕ್ಕಿಂತ ಹತ್ತಿರದ ದಿಲ್ಲಿ

ಒಂದೂರಿನಿಂದ ಇನ್ನೊಂದೂರು ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನನ್ನ ಬಾಯಿಂದ ಕಿಲೋಮೀಟರು ಬರುವುದಿಲ್ಲ, ಗಂಟೆ ಬರುತ್ತದೆ. ಕಳೆದ ತಿಂಗಳು ಮಧುಗಿರಿಯ ನಮ್ಮ ಬೀದಿಯ ತಿರುವಿನಲ್ಲಿ ಹೀಗೇ ಆಯಿತು. ಕಾರಿನಲ್ಲಿ ಬಂದ ಗಂಡ ಹೆಂಡತಿ ಗಾಜು ಇಳಿಸಿ, "ಸಿರಾ ಎಷ್ಟು ದೂರ ಆಂಟಿ?" ಎಂದರು. ನಾನು ತರಕಾರಿ ಚೀಲವನ್ನು ಕೆಳಗಿಟ್ಟು, "ಒಂದು ಗಂಟೆ. ನಡುವೆ ಎಲ್ಲಾದರೂ ಕಾಫಿಗೆ ನಿಲ್ಲಿಸಿದರೆ ಒಂದೂಕಾಲು" ಎಂದೆ. "ಅದಲ್ಲ, ಎಷ್ಟು ಕಿಲೋಮೀಟರು?" ಎಂದು ಆ ಹೆಣ್ಣುಮಗಳು ಕೇಳಿದಳು. ನನಗೆ ತೋಚಲಿಲ್ಲ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನ ಮಕ್ಕಳಿಗೆ ಭೂಗೋಳ ಪಾಠ ಮಾಡಿ ನಿವೃತ್ತಳಾದವಳು ನಾನು. ಭೂಮಿಗೂ ಚಂದ್ರನಿಗೂ ಎಷ್ಟು ದೂರವೆಂದು ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ಸಿರಾ ಮಾತ್ರ ಒಂದು ಗಂಟೆ, ಅಷ್ಟೇ.

ಈ ಗೊಂದಲ ನನಗೆ ಅಂಟಿದ್ದು ಕೊರಟಗೆರೆಯಲ್ಲಿ. ಅಲ್ಲಿ ನಮ್ಮಪ್ಪನಿಗೆ ಪಾತ್ರೆ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿ ಸಿದ್ದಮ್ಮಜ್ಜಿ, ಶಾಂತಕ್ಕ ಮತ್ತು ಎಲ್ಲರ ಬಾಯಲ್ಲಿ ನಿಮ್ಮಿಯಾಗಿದ್ದ ನಾನು. ಅಂಗಡಿಗೆ ಬರುವವರೆಲ್ಲ ತಮ್ಮ ತಮ್ಮ ಊರಿನ ದೂರವನ್ನು ತಮಗೆ ಬೇಕಾದ ಹಾಗೆ ಹೇಳುತ್ತಿದ್ದರು. ಒಬ್ಬರಿಗೆ ಅದು ಕೂಗಳತೆ, ಇನ್ನೊಬ್ಬರಿಗೆ ಒಂದು ಹರದಾರಿ, ಮತ್ತೊಬ್ಬರಿಗೆ ಎರಡು ಸಲ ಎಲೆಯಡಿಕೆ ಹಾಕಿಕೊಳ್ಳುವಷ್ಟು ದಾರಿ. ಐ.ಡಿ.ಹಳ್ಳಿ ಕಡೆಯಿಂದ ವರ್ಷಕ್ಕೊಮ್ಮೆ ಕಂಬಳಿ ತರುತ್ತಿದ್ದ ಕುರಿಗಾಹಿ ಚಿಕ್ಕಣ್ಣನನ್ನು ನಾನೊಮ್ಮೆ ಕೇಳಿದ್ದೆ, ನಿಮ್ಮೂರಿಂದ ಪಾವಗಡ ಎಷ್ಟು ದೂರ ಅಂತ. ಅವನು ಗಂಭೀರವಾಗಿ ಯೋಚಿಸಿ ಹೇಳಿದ: "ಯಾರ್ಗೆ ಯೋಳ್ಬೇಕವ್ವ? ಕುರಿಗಾದ್ರೆ ಎಲ್ಡು ದಿನ. ನಂಗಾದ್ರೆ ಒಂದಿನ. ನನ್ ನಾಯ್ಗಾದ್ರೆ ಅರ್ಧ ದಿನ." ಆ ಉತ್ತರದಲ್ಲಿ ತಪ್ಪೇನಿದೆ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಪಾವಗಡದ ಲೆಕ್ಕವೇ ಒಂದು ಒಗಟು. ಅದು ನಮ್ಮ ಜಿಲ್ಲೆಯದೇ ತಾಲ್ಲೂಕು. ಆದರೆ ಅಲ್ಲಿಗೆ ಹೋಗುವ ಬಸ್ಸು ನಡುವೆ ಎಲ್ಲೋ ಆಂಧ್ರಕ್ಕೆ ನುಗ್ಗಿ ಮತ್ತೆ ಕರ್ನಾಟಕಕ್ಕೆ ಬರುತ್ತಿತ್ತು. ಅಂಗಡಿ ಬೋರ್ಡಿನ ಅಕ್ಷರ ಕನ್ನಡದಿಂದ ತೆಲುಗಾಗಿ, ತೆಲುಗಿನಿಂದ ಕನ್ನಡವಾಗುವುದರೊಳಗೆ ನಾವು ಎಲ್ಲಿದ್ದೇವೆಂಬುದೇ ಮರೆತುಹೋಗುತ್ತಿತ್ತು. ಕಾಗದದ ಮೇಲೆ ಮೂರು ಗಂಟೆ. ಬಸ್ಸು ಸಿಕ್ಕರೆ, ಟೈರು ಒಪ್ಪಿದರೆ, ಹಳ್ಳದಲ್ಲಿ ನೀರಿಲ್ಲದಿದ್ದರೆ.

ಅಜ್ಜಿಗೆ ಪಾವಗಡದ ಹೆಸರೆತ್ತಿದರೆ ಆಗುತ್ತಿರಲಿಲ್ಲ. ಕಾರಣವಿತ್ತು. ಅವಳ ಒಬ್ಬಳೇ ಮಗಳು, ನನ್ನ ಗೌರತ್ತೆಯನ್ನು ಪಾವಗಡದಾಚೆಯ ವಳ್ಳೂರಿಗೆ ಕೊಟ್ಟಿದ್ದರು. ನಾನಾಗ ತೊಟ್ಟಿಲ ಮಗು. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಲು ಇನ್ನೂ ಎರಡು ವಾರವಿದೆ ಎನ್ನುವಾಗ ಒಂದು ಮಧ್ಯಾಹ್ನ ವಳ್ಳೂರಿನ ಆಳು ಬಂದು, "ಗೌರಮ್ಮೋರಿಗೆ ನೋವು ಶುರುವಾಗೈತೆ, ಕಷ್ಟ ಐತಂತೆ" ಎಂದನಂತೆ. ಅಜ್ಜಿ ಉಟ್ಟ ಸೀರೆಯಲ್ಲೇ ತಾತನ ಜೊತೆ ಹೊರಟಳು. ಮಧುಗಿರಿಗೆ ಬರುವಷ್ಟರಲ್ಲಿ ಆ ದಿನದ ಕೊನೆಯ ಪಾವಗಡ ಬಸ್ಸು ಹೋಗಿಯಾಗಿತ್ತು. ಮರುದಿನ ಬಸ್ಸು ಹಿಡಿದು, ಪಾವಗಡದಲ್ಲಿ ಇಳಿದು, ಎತ್ತಿನ ಗಾಡಿ ಹತ್ತಿ ವಳ್ಳೂರು ಸೇರಿದಾಗ ನಡುಮಧ್ಯಾಹ್ನ. ತಾಯಿ ಮಗು ಎರಡೂ ಬೆಳಗಿನ ಜಾವಕ್ಕೇ ಹೋಗಿದ್ದವು. ಆ ಊರಿನ ಹೆಂಗಸರು ಅಜ್ಜಿಯನ್ನು ತಬ್ಬಿಕೊಂಡು ತೆಲುಗಿನಲ್ಲಿ ಏನೇನೋ ಸಮಾಧಾನ ಹೇಳಿದರಂತೆ. ಅಜ್ಜಿಗೆ ಒಂದು ಪದವೂ ಅರ್ಥವಾಗಲಿಲ್ಲ.

ಇದನ್ನು ಅಜ್ಜಿ ಯಾವತ್ತೂ ಹೇಳಿಕೊಂಡವಳಲ್ಲ, ನನಗೆ ಹೇಳಿದ್ದು ಅಮ್ಮ. ಅಜ್ಜಿ ಒಂದು ಕಟ್ಟಳೆ ಮಾತ್ರ ಮಾಡಿಟ್ಟಿದ್ದಳು. ಈ ಮನೆಯ ಹೆಣ್ಣನ್ನು ಎಲ್ಲಿಗೇ ಕೊಡಲಿ, ಬೆಳಗ್ಗೆ ಹೊರಟವರು ಹೊತ್ತು ಮುಳುಗುವುದರೊಳಗೆ ಅವಳ ಮುಖ ನೋಡುವಂತಿರಬೇಕು.

ಶಾಂತಕ್ಕನಿಗೆ ಗಂಡು ನೋಡಲು ಶುರುಮಾಡಿದಾಗ ಈ ಕಟ್ಟಳೆ ಎದ್ದು ಕೂತಿತು. ಎಪ್ಪತ್ತರ ದಶಕದ ನಡುವಿನ ಮಾತು. ನಾನು ತುಮಕೂರಿನಲ್ಲಿ ಬಿ.ಎ. ಮೊದಲ ವರ್ಷ ಓದುತ್ತ ರಜೆಗೆ ಬಂದಿದ್ದೆ. ಅಪ್ಪನಿಗೆ ಪಾವಗಡದ ಒಬ್ಬ ಮೇಷ್ಟರ ಸಂಬಂಧ ಹಿಡಿಸಿತ್ತು. ಅಜ್ಜಿ, "ಆ ದಿಕ್ಕಿಗೆ ನಮ್ಮನೆ ಬೆಕ್ಕಿನ್ ಮರೀನೂ ಕೊಡಾಕಿಲ್ಲ" ಎಂದುಬಿಟ್ಟಳು. ಅದೇ ವಾರ ಸಿರಾದಿಂದ ಅಮ್ಮನ ಅಣ್ಣ ರುದ್ರಪ್ಪಮಾವ ಇನ್ನೊಂದು ಸಂಬಂಧ ಹೊತ್ತು ತಂದ. ಹುಡುಗ ಸಿರಾದವನೇ, ಬಸವರಾಜು. ದಿಲ್ಲಿಯಲ್ಲಿ ಒಂದು ವಿಮಾನ ಕಂಪನಿಯ ಟಿಕೆಟ್ ಕೌಂಟರಿನಲ್ಲಿ ಕೆಲಸ.

"ದಿಲ್ಲಿಗಾ?" ಅಪ್ಪ ನಕ್ಕುಬಿಟ್ಟರು. "ಪಾವಗಡಾನೇ ದೂರ ಅಂತಾಳೆ ನಮ್ಮವ್ವ. ದಿಲ್ಲಿ ಅಂದ್ರೆ ನಿನ್ನನ್ನ ಒಳಗೆ ಬಿಟ್ಕೊಳ್ಳಲ್ಲ ಕಣೋ ರುದ್ರಪ್ಪ."

ಮಾವ ಜೇಬಿನಿಂದ ನಾಲ್ಕು ಮಡಿಕೆಯ ಒಂದು ನುಣುಪು ಕಾಗದ ತೆಗೆದ. ವಿಮಾನದ ವೇಳಾಪಟ್ಟಿ. "ನೋಡಿ ಅಮ್ಮಾವ್ರೇ" ಎಂದು ಅಜ್ಜಿಯ ಮುಂದೆ ಹರಡಿದ. "ಬೆಂಗ್ಳೂರು ಬಿಡೋದು ಹನ್ನೆರಡೂವರೆ, ದಿಲ್ಲಿ ಸೇರೋದು ಹದಿನೈದು."

"ಹದಿನೈದು ಗಂಟೆ ಬೇಕಾ?" ಎಂದರು ಅಪ್ಪ.

"ಬೇಕಾಗಿಲ್ಲ ಭಾವ. ಹದಿನೈದಕ್ಕೆ ಸೇರುತ್ತೆ."

"ಹದಿನೈದು ಗಂಟೆ ಅನ್ನೋದು ಯಾವ ಗಡಿಯಾರದಲ್ಲೈತೋ?"

ಮಾವ ತನ್ನ ಕೈಗಡಿಯಾರ ನೋಡಿದ. ಅದರಲ್ಲೂ ಹನ್ನೆರಡೇ ಅಂಕಿ ಇತ್ತು. ಅವನಿಗೂ ಅನುಮಾನ ಬಂತು. ಇಬ್ಬರೂ ಅಂಗಡಿಯ ಲೋಟಗಳನ್ನು ಸಾಲಾಗಿ ಇಟ್ಟು ಹನ್ನೆರಡು, ಹದಿಮೂರು, ಹದಿನಾಲ್ಕು ಎಂದು ಎಣಿಸಿದರು. ಕೊನೆಗೆ ಹದಿನೈದು ಎಂದರೆ ಮಧ್ಯಾಹ್ನ ಮೂರು ಎಂದು ತೀರ್ಮಾನವಾಯಿತು. ಅಂದರೆ ದಾರಿ ಎರಡೂವರೆ ಗಂಟೆ.

ಅಜ್ಜಿ ಇಷ್ಟು ಹೊತ್ತೂ ಅಡಿಕೆ ಕತ್ತರಿಸುತ್ತಿದ್ದಳು. "ಪಾವಗಡಕ್ಕೆಷ್ಟು?" ಎಂದಳು.

"ಮೂರು. ಸಮ ಇದ್ರೆ" ಎಂದರು ಅಪ್ಪ.

"ಅಂಗಾರೆ ದಿಲ್ಲಿ ಪಾವಗಡಕ್ಕಿಂತ ಈಚ್ಗಡೆ ಐತೆ."

"ಇಲ್ಲವ್ವ, ದಿಲ್ಲಿ ಬಲು ದೂರ."

"ದೂರ ಇದ್ರೆ ಬ್ಯಾಗ ಹೆಂಗೆ ಓಗಾಕಾಯ್ತದೆ? ಯಾವ್ದಾದ್ರೂ ಒಂದ್ ಯೋಳು."

ಅಪ್ಪ ಓದಿದವಳೆಂದು ನನ್ನನ್ನು ಕರೆದರು. ನನಗೆ ಅಂಥ ಅವಕಾಶವೇ ಬೇಕಿತ್ತು. ಟ್ರಂಕಿನಿಂದ ನನ್ನ ಹಳೆಯ ಶಾಲೆಯ ಎರಡು ನಕ್ಷೆ ತೆಗೆದೆ, ಒಂದು ತುಮಕೂರು ಜಿಲ್ಲೆಯದು, ಇನ್ನೊಂದು ಇಂಡಿಯಾದ್ದು. ಅಮ್ಮನ ಹೂ ಕಟ್ಟುವ ದಾರ ತಂದು ಜಿಲ್ಲೆಯ ನಕ್ಷೆಯ ಮೇಲೆ ಕೊರಟಗೆರೆಯಿಂದ ಪಾವಗಡಕ್ಕೆ ಹಿಡಿದೆ. ಒಂದು ಗೇಣು. ಇಂಡಿಯಾದ ನಕ್ಷೆಯಲ್ಲಿ ಬೆಂಗಳೂರಿನಿಂದ ದಿಲ್ಲಿಗೆ ಹಿಡಿದೆ. ಅಲ್ಲೂ ಒಂದು ಗೇಣೇ, ಒಂದು ಬೆರಳು ಹೆಚ್ಚು.

"ಸುಮಾರಾಗಿ ಒಂದೇ ಅಜ್ಜಿ" ಎಂದು ಘೋಷಿಸಿದೆ.

ಬಾಗಿಲ ಬಳಿ ನಿಂತಿದ್ದ ಶಾಂತಕ್ಕ ಏನೋ ಹೇಳಲು ಬಾಯಿ ತೆರೆದಳು. ನನ್ನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು, ಬಾಯಿ ಮುಚ್ಚಿದಳು. ನಕ್ಷೆಯ ಮೂಲೆಯಲ್ಲಿ ಒಂದಂಗುಲಕ್ಕೆ ಎಷ್ಟು ಮೈಲಿ ಎಂದು ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿರುತ್ತಾರೆ. ಅದನ್ನು ನಾನು ನೋಡಿರಲಿಲ್ಲ. ಮುಂದೆ ಮಕ್ಕಳು ಅದನ್ನು ನೋಡದೆ ಅಳತೆ ಬರೆದಾಗ ನಾನು ಬೈದದ್ದಕ್ಕೆ ಲೆಕ್ಕವಿಲ್ಲ.

ಇನ್ನೊಂದು ಸಂಗತಿಯೂ ಆ ದಾರದಿಂದ ಗೊತ್ತಾಯಿತು. ಬೆಂಗಳೂರಿನಿಂದ ದಿಲ್ಲಿಗೆ ಎಳೆದ ದಾರ ನೆಟ್ಟಗೆ ಉತ್ತರಕ್ಕೆ ಹೋಗುತ್ತಿತ್ತು. ಹೋಗುತ್ತ ನಮ್ಮ ಕೊರಟಗೆರೆ, ಮಧುಗಿರಿ, ಪಾವಗಡಗಳ ತಲೆಯ ಮೇಲೇ ಹಾದಿತ್ತು. ಅಜ್ಜಿಗೆ ಇದನ್ನು ಹೇಳಿದಾಗ ಅವಳು ಕೇಳಿದಳು: "ನಮ್ಮನೆ ಮ್ಯಾಗೇ ಓಗೋದಾದ್ರೆ ಬೆಂಗ್ಳೂರ್ ಗಂಟ ಹೋಗಿ ಯಾಕ್ ಹತ್ಬೇಕು? ಇಲ್ಲೇ ಕೈ ತೋರ್ಸಿದ್ರೆ ನಿಲ್ಸಾಕಿಲ್ವಾ?"

ಹುಡುಗ ನೋಡಲು ಬಂದ. ಉಪ್ಪಿಟ್ಟು ಕಾಫಿ ಆದ ಮೇಲೆ ಅಜ್ಜಿ ಅವನನ್ನು ಹತ್ತಿರ ಕೂರಿಸಿಕೊಂಡು, "ದಿಲ್ಲಿ ಎಷ್ಟು ದೂರ ಐತಪ್ಪ?" ಎಂದಳು. ಮಾವ ಅವನಿಗೆ ಕಣ್ಣುಸನ್ನೆ ಮಾಡಿದ್ದನ್ನು ನಾನು ನೋಡಿದೆ.

"ಸುಳ್ಳು ಹೇಳಲ್ಲ ಅಜ್ಜಿ" ಎಂದ ಬಸವರಾಜು. "ವಿಮಾನದಲ್ಲಿ ಎರಡೂವರೆ ಗಂಟೆ. ರೈಲಲ್ಲಾದ್ರೆ ಎರಡು ದಿನ. ವಿಮಾನ ಎಲ್ರಿಗೂ ಯಾವಾಗ್ಲೂ ಸಿಗಲ್ಲ. ಮಂಜು ಬಿದ್ರೆ ಹಾರೋದೇ ಇಲ್ಲ."

ಮಾವ ತಲೆ ಚಚ್ಚಿಕೊಂಡ. ಅಜ್ಜಿ ಮಾತ್ರ ಇನ್ನೂ ಹತ್ತಿರ ಸರಿದಳು. "ನಾಳೀಕೆ ನನ್ ಮೊಮ್ಮಗಳಿಗೆ ಮೈ ಸರಿ ಇಲ್ಲ ಅಂತ ತಂತಿ ಬಂದ್ರೆ?"

"ನಿಮ್ಮನ್ನ ಅವಳ ಹತ್ರ ಕರೆಸಿಕೊಳ್ಳೋದು ನನ್ನ ಜವಾಬ್ದಾರಿ. ಬೆಳಗ್ಗೆ ಮನೆ ಬಿಟ್ರೆ ಸಂಜೆ ಒಳಗೆ."

ಅಜ್ಜಿ ಅವನ ಲೋಟಕ್ಕೆ ಇನ್ನಷ್ಟು ಕಾಫಿ ಹಾಕಿಸಿದಳು. ಅವನು ಎದ್ದು ಹೋದ ಮೇಲೆ, "ಕೊಡ್ರಿ" ಎಂದಳು. ಅಪ್ಪನಿಗೆ ನಂಬಿಕೆಯೇ ಆಗಲಿಲ್ಲ. "ರೈಲಲ್ಲಿ ಎರಡು ದಿನ ಅಂದನಲ್ಲವ್ವ." ಅಜ್ಜಿ, "ರುದ್ರಪ್ಪ, ನೀನು, ಇವ್ಳು, ಎಲ್ರೂ ಒಂದೊಂದ್ ಯೋಳಿದ್ರಿ. ಅವ್ನು ಎಲ್ಡೂ ಯೋಳ್ದ" ಎಂದಳು.

ಮದುವೆಯಾಗಿ ಎರಡು ವರ್ಷ ಅಕ್ಕನ ಕಾಗದಗಳು ಬಂದವು. ಬರೆದ ಐದಾರು ದಿನಕ್ಕೆ ತಲುಪುತ್ತಿದ್ದವು. "ನೆಗಡಿಯಾಗಿದೆ" ಎಂದು ಅವಳು ಬರೆದದ್ದನ್ನು ಓದಿ ಅಮ್ಮ ಇಲ್ಲಿ ಕಷಾಯ ಕುದಿಸುವಷ್ಟರಲ್ಲಿ ಅಲ್ಲಿ ನೆಗಡಿ ಹೋಗಿ ವಾರವಾಗಿರುತ್ತಿತ್ತು. ಮೂರನೆಯ ವರ್ಷ ಅವಳು ಬಸುರಿ ಎಂಬ ಕಾಗದ ಬಂತು. ಏಳನೆಯ ತಿಂಗಳಿಗೆ ಕರೆತರಬೇಕೆಂದು ಅಪ್ಪ ಹೊರಡುವ ತಯಾರಿಯಲ್ಲಿದ್ದಾಗ, ಚಳಿಗಾಲದ ಒಂದು ಮಧ್ಯಾಹ್ನ ಭಾವನ ತಂತಿ ಬಂತು. ಶಾಂತಾ ಆಸ್ಪತ್ರೆಯಲ್ಲಿದ್ದಾಳೆ, ರಕ್ತ ಹೋಗುತ್ತಿದೆ, ಅಲ್ಲಾಡಬಾರದೆಂದಿದ್ದಾರೆ, ನಾಳೆ ಮಧ್ಯಾಹ್ನದ ವಿಮಾನದಲ್ಲಿ ಇಬ್ಬರಿಗೆ ಜಾಗ ಇದೆ, ಯಾರು ಬರುತ್ತೀರಿ.

ಅಮ್ಮ ಗೋಡೆಗೆ ಒರಗಿ ಕೂತುಬಿಟ್ಟಳು. ನಾನಾಗ ಬಿ.ಎ. ಮುಗಿಸಿ ಮನೆಯಲ್ಲೇ ಇದ್ದೆ. ಇಂಗ್ಲಿಷು ಬರುತ್ತದೆಂದು ನಾನು ಹೋಗುವುದು ಖಾತ್ರಿಯಾಯಿತು. ಜೊತೆಗೆ ಅಮ್ಮ ಎಂದು ಅಪ್ಪ ಹೇಳುತ್ತಿರುವಾಗಲೇ ಅಜ್ಜಿ ಒಳಗಿನಿಂದ ಕಂಬಳಿಯಲ್ಲಿ ಗಂಟು ಕಟ್ಟಿಕೊಂಡು ಬಂದಳು. "ನಾನೋಯ್ತೀನಿ."

"ಅವ್ವ, ನಿಂಗೆ ಎಪ್ಪತ್ತಾಯ್ತು."

"ಅದ್ಕೇ ಓಯ್ತೀನಿ ಕಣಪ್ಪ. ಇನ್ಯಾವಾಗ ಓಗ್ಲಿ?"

ಅಮ್ಮ ಎದ್ದು ಅಜ್ಜಿಯ ಕೈ ಹಿಡಿದುಕೊಂಡಳು. ಅವಳ ಮಗಳು ಅಲ್ಲಿ ಆ ಸ್ಥಿತಿಯಲ್ಲಿದ್ದಾಳೆ. ಆದರೂ, "ನೀವೇ ಹೋಗಿ ಅತ್ತೆ" ಎಂದಳು. ಆ ಮಾತಿಗೆ ಅವಳು ಏನು ತೆತ್ತಳೆಂದು ನನಗೆ ನಾನೇ ತಾಯಾಗುವವರೆಗೆ ಗೊತ್ತಾಗಲಿಲ್ಲ.

ಮರುದಿನ ಬೆಳಗ್ಗೆ ಅಪ್ಪ ನಮ್ಮನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಕರೆತಂದು ವಿಮಾನ ನಿಲ್ದಾಣದ ಬಾಗಿಲಲ್ಲಿ ಬಿಟ್ಟರು. ಒಳಗೆ ಅಜ್ಜಿಯ ಗಂಟನ್ನು ತೂಕಕ್ಕಿಟ್ಟಾಗ ಅವಳು ತಾನೂ ತಕ್ಕಡಿ ಹತ್ತಲು ಹೋದಳು. ಬೇಡ ಎಂದರು. "ನಮ್ಮುನ್ನೂ ತಾನೆ ಹೊತ್ಕೊಂಡೋಗೋದು? ಗಂಟ್ ಮಾತ್ರ ತೂಗ್ತಾರಲ್ಲ" ಎಂದು ಅವಳಿಗೆ ಗಾಬರಿ. ತಪಾಸಣೆ ಮಾಡುವ ಪೊಲೀಸ್ ಹೆಂಗಸು ಅಜ್ಜಿಯ ಕೊರಳಿನ ಬೆಳ್ಳಿ ಕರಡಿಗೆ ಮುಟ್ಟಿ, "ಇದರಲ್ಲೇನಿದೆಯಮ್ಮ?" ಎಂದಳು. "ಲಿಂಗ ಕಣವ್ವ. ಇದ್ನ ತೆಗೆಯಾಕಿಲ್ಲ" ಎಂದಳು ಅಜ್ಜಿ. ಆ ಹೆಂಗಸು ಕೈ ಹಿಂದಕ್ಕೆ ತೆಗೆದುಕೊಂಡು ದಾರಿ ಬಿಟ್ಟಳು.

ಹನ್ನೆರಡೂವರೆ ಆಯಿತು. ವಿಮಾನ ತಡ ಎಂದರು. ಒಂದೂವರೆ ಆಯಿತು. ಮತ್ತೂ ತಡ. ದಿಲ್ಲಿಯಲ್ಲಿ ಮಂಜಂತೆ, ಅಲ್ಲಿಂದ ಬರಬೇಕಾದ ವಿಮಾನವೇ ಬಂದಿಲ್ಲವಂತೆ. ಅಜ್ಜಿ ಗಾಜಿನ ಗೋಡೆಯ ಹತ್ತಿರ ಹೋಗಿ ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡಿ ಬರುತ್ತಿದ್ದಳು. ಅವಳು ಹಾಗೆ ನಾಲ್ಕನೆಯ ಸಲ ಎದ್ದಾಗ ನನಗೆ ಮಧುಗಿರಿಯ ಬಸ್‌ಸ್ಟ್ಯಾಂಡು ಕಣ್ಣಿಗೆ ಕಟ್ಟಿತು. ಆ ದಿನ ನಾನು ಅಲ್ಲಿರಲಿಲ್ಲ ನಿಜ. ಆದರೆ ಅವಳು ಹೀಗೇ ನಿಂತಿದ್ದಳೆಂದು ಈಗ ಗೊತ್ತಾಯಿತು.

ಮೂರಕ್ಕೆ ಕರೆದರು. ಅಜ್ಜಿಗೆ ಎಡಗಡೆಯ ಕಿಟಕಿ ಸಿಕ್ಕಿತು. ಬೆಲ್ಟು ಬಿಗಿದಾಗ, "ಹಸೀನ ಕಟ್ದಂಗೆ ಕಟ್ತಾರಲ್ಲೇ" ಎಂದಳು. ಮೇಲೇರುವಾಗ ನಾನು ಕಣ್ಣು ಮುಚ್ಚಿ ಅವಳ ತೋಳು ಹಿಡಿದುಕೊಂಡಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ ತಟ್ಟಿದಳು.

"ನಿಮ್ಮೀ, ಇನ್ನೂ ಹೊರಟಿಲ್ವೇನೆ?"

"ಹೊರಟು ಹತ್ತು ನಿಮಿಷವಾಯ್ತು ಅಜ್ಜಿ."

"ಅಲ್ಲಾಡ್ತಾನೇ ಇಲ್ವಲ್ಲೇ. ಮದುಗಿರಿ ಬಸ್ಸು ನಿಂತಿದ್ರೂ ಇದ್ಕಿಂತ ಅಲ್ಲಾಡ್ತದೆ."

ಕೆಳಗೆ ಕೆರೆಗಳು ಒಡೆದ ಕನ್ನಡಿ ಚೂರಿನ ಹಾಗೆ ಬಿದ್ದಿದ್ದವು. ಬಂಡೆ ಗುಡ್ಡಗಳು ಕಂಡವು. ನನಗೆ ದಾರದ ಗೆರೆ ನೆನಪಾಯಿತು. ಯೋಚಿಸದೆ, "ಅಜ್ಜಿ, ಇದು ನಮ್ಮ ಕಡೆಯೇ. ಮಧುಗಿರಿ ದಾಟಿರಬೇಕು. ಅಗೋ, ಅದು ಪಾವಗಡದ ಬೆಟ್ಟವೇ ಇರಬೇಕು" ಎಂದುಬಿಟ್ಟೆ.

ಅಜ್ಜಿ ಹಣೆಯನ್ನು ಗಾಜಿಗೆ ಒತ್ತಿ ನೋಡಿದಳು. ಬೆಟ್ಟ ರೆಕ್ಕೆಯ ಕೆಳಗೆ ಜಾರಿತು, ಬಯಲು ಬಂತು, ಬಯಲಿನಲ್ಲಿ ಚುಕ್ಕೆಯಂಥ ಊರುಗಳು ಬಂದವು, ಹೋದವು.

"ಅದ್ರಾಚೆ ವಳ್ಳೂರು" ಎಂದಳು.

"ಹೂಂ."

"ಹೊರಟು ಎಷ್ಟೊತ್ತಾಯ್ತು ಅಂದೆ?"

"ಹದಿನೈದು ನಿಮಿಷ ಇರಬಹುದು."

"ಇಷ್ಟೇನಾ?" ಎಂದಳು ಅಜ್ಜಿ. ನನ್ನನ್ನು ಕೇಳಿದ್ದಲ್ಲ. ಮತ್ತೆ ಬಹಳ ಹೊತ್ತಿನವರೆಗೆ ಅವಳು ಹಣೆಯನ್ನು ಗಾಜಿನಿಂದ ತೆಗೆಯಲಿಲ್ಲ. ಊಟದ ತಟ್ಟೆ ಬಂದು ತಣ್ಣಗಾಗಿ ಹೋಯಿತು.

ಅದು ಪಾವಗಡದ ಬೆಟ್ಟವೇ ಆಗಿತ್ತೇ ಎಂದು ನೀವು ಕೇಳಿದರೆ ನನಗೆ ಗೊತ್ತಿಲ್ಲ. ನಮ್ಮ ಸೀಮೆಯಲ್ಲಿ ಬಂಡೆ ಬೆಟ್ಟಕ್ಕೇನು ಬರ. ಮೇಲಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ. ಯಾವುದೋ ಗುಡ್ಡ ತೋರಿಸಿ ಅವಳ ಹಳೆಯ ಗಾಯ ಕೆದಕಿದೆನೇನೋ ಎಂಬ ಅಳುಕು ನನಗೆ ಇನ್ನೂ ಹೋಗಿಲ್ಲ.

ದಿಲ್ಲಿ ಹತ್ತಿರವಾದಾಗ ಇನ್ನೊಂದು ವಿಚಿತ್ರ ನಡೆಯಿತು. ಅಜ್ಜಿಯ ಕಿಟಕಿಯಲ್ಲಿ ಸೂರ್ಯ ಕೆಂಪಗೆ ನಿಂತೇ ಇದ್ದ. ಕೆಳಗೆ ನೋಡಿದರೆ ದೀಪಗಳು ಹತ್ತಿದ್ದವು. ಮೇಲೆ ಹೊತ್ತಿದೆ, ಕೆಳಗೆ ಮುಳುಗಿದೆ. ಅಜ್ಜಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ನೋಡಿ, "ಯಾವ್ದು ನಿಜ ಕಣೆ?" ಎಂದಳು. ಭೂಮಿ ಗುಂಡಗಿರುವುದರಿಂದ ಎಂದು ಏನೋ ಹೇಳಲು ಹೊರಟೆ. ನನಗೇ ಪೂರ್ತಿ ಗೊತ್ತಿರಲಿಲ್ಲ. ಅಷ್ಟರಲ್ಲಿ ವಿಮಾನ ಇಳಿಯಿತು, ಸೂರ್ಯ ಒಂದೇ ಗುಟುಕಿಗೆ ಮಾಯವಾದ.

ಭಾವ ಹೊರಗೆ ಕಾಯುತ್ತಿದ್ದ. ಗಡ್ಡ ಬಂದಿತ್ತು. ನೇರ ಆಸ್ಪತ್ರೆಗೆ ಹೋದೆವು. ವಾರ್ಡಿನ ಬಾಗಿಲಲ್ಲಿ ಕಾವಲುಗಾರ ತಡೆದ, ನೋಡುವ ಸಮಯ ಮುಗಿಯಿತು ಎಂದ. ಭಾವ ಏನು ಹೇಳಿದರೂ ಕೇಳಲಿಲ್ಲ. ನನ್ನ ಇಂಗ್ಲಿಷು ನಾಲಿಗೆಯಲ್ಲೇ ಉಳಿಯಿತು. ಆಗ ಅಜ್ಜಿ ಮುಂದೆ ಬಂದಳು.

ಒಂದು ವಿಷಯ ಹೇಳಲು ಮರೆತೆ. ಅಜ್ಜಿ ಹುಟ್ಟಿ ಬೆಳೆದದ್ದು ಸಿರಾ ಪೇಟೆಯಲ್ಲಿ. ಅಕ್ಕಪಕ್ಕದವರೆಲ್ಲ ಉರ್ದು ಮಾತಾಡುವವರು. ಮದುವೆಯಾಗಿ ಕೊರಟಗೆರೆಗೆ ಬಂದ ಮೇಲೆ ಆ ಮಾತನ್ನು ಅವಳು ಆಡಿದ್ದೇ ನಾವು ಕೇಳಿರಲಿಲ್ಲ.

"ಬೇಟೀ ಹೈ ಬಾಬಾ ಅಂದರ್" ಎಂದಳು ಅಜ್ಜಿ. ಮಗಳು ಒಳಗಿದ್ದಾಳಪ್ಪ ಅಂತ. "ಬೋತ್ ದೂರ್ ಸೆ ಆಯೀ ಮೈಂ." ಬಹಳ ದೂರದಿಂದ ಬಂದೆ ಅಂತ.

ಕಾವಲುಗಾರ ಅವಳ ಕಂಬಳಿಯನ್ನೂ ಹಣೆಯ ವಿಭೂತಿಯನ್ನೂ ನೋಡಿ ಬೆರಗಾದ. "ಕಹಾಂ ಸೆ ಮಾಜೀ?" ಎಲ್ಲಿಂದ ತಾಯಿ ಎಂದ.

"ಸಿರಾ ಸೆ."

"ಸಿರಾ ಕಹಾಂ ಹೈ?"

"ಪಾವಗಡಾ ಕೇ ಇಧರ್" ಎಂದಳು ಅಜ್ಜಿ. ಪಾವಗಡಕ್ಕಿಂತ ಈಚೆ.

ಆ ಮನುಷ್ಯನಿಗೆ ಏನು ಅರ್ಥವಾಯಿತೋ ದೇವರೇ ಬಲ್ಲ. ಬಾಗಿಲು ತೆರೆದ.

ಅಕ್ಕ ಕಿಟಕಿ ಪಕ್ಕದ ಮಂಚದಲ್ಲಿದ್ದಳು. ಕಾಲಡಿಗೆ ಇಟ್ಟಿಗೆ ಇಟ್ಟು ಮಂಚ ಎತ್ತರಿಸಿದ್ದರು. ಬಿಳಿಚಿಕೊಂಡಿದ್ದಳು. ಅಜ್ಜಿ ಹೋಗಿ ಅವಳ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದಳು. ಆ ಮುಖದ ಕಣ್ಣು ತೆರೆಯಿತು. ಅಜ್ಜಿಯ ಬಾಯಿಂದ ಬಂದ ಮಾತು: "ಗೌರಾ, ಬಂದ್ಬುಟ್ಟೆ ಕಣೆ."

ನಾನು ಬೆಚ್ಚಿದೆ. ತಪ್ಪು ಹೆಸರೆಂದು ಅಕ್ಕ ಹೇಳಲಿಲ್ಲ. ಅಜ್ಜಿಯ ಕೈ ಮೇಲೆ ತನ್ನ ಕೈಯಿಟ್ಟು, "ಹೂಂ ಕಣವ್ವ. ಬೇಗ ಬಂದೆ" ಎಂದಳು.

ಮುಂದಿನ ಮೂರು ವಾರ ಅಜ್ಜಿ ಆ ಮಂಚದ ಪಕ್ಕ ಬಿಡಲಿಲ್ಲ. ವಾರ್ಡಿನ ಆಯಾಗಳು, ಪಕ್ಕದ ಮಂಚದವರು, ಹಾಲಿನವನು, ಎಲ್ಲರೂ ಅವಳಿಗೆ ನೆಂಟರಾದರು. ಮೂರು ವರ್ಷದಿಂದ ದಿಲ್ಲಿಯಲ್ಲಿದ್ದ ಅಕ್ಕನಿಗಿಂತ ಅಜ್ಜಿಗೇ ಅಲ್ಲಿನ ಮಾತು ಚೆನ್ನಾಗಿ ಬರುತ್ತಿತ್ತು. "ದಿಲ್ಲಿ ಅಂದ್ರೆ ದೊಡ್ಡ ಸಿರಾ ಕಣೆ, ಅಷ್ಟೆ" ಎನ್ನುತ್ತಿದ್ದಳು. ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣುಮಗು, ಅಂಗೈಯಷ್ಟಿತ್ತು. ಹತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಹನ್ನೊಂದನೆಯ ದಿನ ಅಜ್ಜಿಯ ಕಂಬಳಿಯ ಮೇಲೆ ಮಲಗಿತು.

ಬಾಣಂತನದ ಒಂದು ಮಧ್ಯಾಹ್ನ, ಅಜ್ಜಿ ಬಿಸಿಲಿನಲ್ಲಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾಗ, ಅಕ್ಕ ನನಗೆ ಮೆಲ್ಲಗೆ ಹೇಳಿದಳು: "ನಿನ್ನ ದಾರದ ಲೆಕ್ಕ ತಪ್ಪು ಅಂತ ನನಗೆ ಅವತ್ತೇ ಗೊತ್ತಿತ್ತು ಕಣೆ. ಎರಡು ನಕ್ಷೆಗೂ ಅಳತೆ ಬೇರೆ ಬೇರೆ."

"ಮತ್ತೆ ಯಾಕೆ ಸುಮ್ಮನಿದ್ದೆ?"

ಅವಳು ಭಾವನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. "ಹುಡುಗನ ಫೋಟೋನ ಮಾವ ಮೊದಲೇ ತೋರಿಸಿದ್ದ" ಎಂದಷ್ಟೇ ಹೇಳಿ ದಾರವನ್ನು ಹಲ್ಲಿನಿಂದ ಕತ್ತರಿಸಿದಳು.

ಮೂರು ತಿಂಗಳು ಕಳೆದು ನಾವು ಹೊರಡುವ ಹೊತ್ತಾಯಿತು. ಭಾವ ವಿಮಾನಕ್ಕೇ ಪ್ರಯತ್ನಿಸುತ್ತೇನೆಂದ. ಅಜ್ಜಿ ಒಪ್ಪಲಿಲ್ಲ. "ಬರೋವಾಗ ಏನೂ ಕಾಣ್ಲಿಲ್ಲ ಕಣಪ್ಪ. ಮಗೀನ ಎಲ್ಲಿ ಬುಟ್ಟು ಓಯ್ತಿದೀನಿ ಅಂತ ನಂಗೆ ಗೊತ್ತಾಗ್ಬೇಕು. ರೈಲಿಗೇ ಕೂರ್ಸು."

ರೈಲು ಹೊರಟಾಗ ಅಕ್ಕ ಪ್ಲಾಟ್‌ಫಾರಂ ತುದಿಯವರೆಗೆ ಮಗುವನ್ನೆತ್ತಿಕೊಂಡು ಜೊತೆಗೆ ನಡೆದಳು. ಮೊದಲ ದಿನ ಅಜ್ಜಿ ಪ್ರತಿ ಸ್ಟೇಷನ್ನಿನಲ್ಲೂ, "ನಮ್ ಕಡೆ ಬಂತಾ?" ಎಂದು ಕೇಳುತ್ತಿದ್ದಳು. ಇಲ್ಲ ಎನ್ನುತ್ತಿದ್ದೆ. ಗೋಧಿ ಹೊಲ ಮುಗಿದು ಕೊರಕಲು ನೆಲ ಬಂತು, ಕಾಡು ಬಂತು. ಒಂದು ದೊಡ್ಡ ಹೊಳೆ ದಾಟಿದಾಗ ಸೆರಗಿನ ತುದಿಗೆ ಒಂದು ಗಂಟು ಹಾಕಿದಳು. ಇನ್ನೊಂದು ಹೊಳೆಗೆ ಇನ್ನೊಂದು. ಎರಡನೆಯ ದಿನ ಕೇಳುವುದನ್ನು ನಿಲ್ಲಿಸಿದಳು. ಮಧ್ಯಾಹ್ನದ ಹೊತ್ತಿಗೆ ಬಿಸಿಗಾಳಿಯಲ್ಲಿ ಕರಿ ನೆಲ ಓಡುತ್ತಿರುವಾಗ ನನ್ನ ಕಡೆ ತಿರುಗಿದಳು.

"ಇಷ್ಟೊಂದ್ ನೆಲ ಎಲ್ಲಿತ್ತೇ ನಿಮ್ಮೀ?"

"ಹೋಗುವಾಗಲೂ ಇದನ್ನೇ ದಾಟಿದ್ದೆವು ಅಜ್ಜಿ."

"ನಾವೆಲ್ಲಿ ದಾಟಿದ್ವಿ? ಹಾರಿದ್ವಿ."

ಆಗ ನನಗೆ ತಡೆಯಲಾಗಲಿಲ್ಲ. ನಕ್ಷೆಯ ಸಂಗತಿ ಹೇಳಿಬಿಟ್ಟೆ. ಅಳತೆ ನೋಡದೆ ಅಳೆದಿದ್ದೆ, ದಿಲ್ಲಿ ಪಾವಗಡದ ದಾರಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ದೂರ, ತಪ್ಪಾಯಿತು ಎಂದೆ. ಬೈಯುತ್ತಾಳೆಂದು ಕಾದೆ. ಅವಳು ಸೆರಗಿನ ಗಂಟುಗಳನ್ನು ಒಂದೊಂದಾಗಿ ಮುಟ್ಟುತ್ತ ಕೂತಿದ್ದಳು. ಕಣ್ಣಿಂದ ನೀರು ತಾನೇ ತಾನಾಗಿ ಇಳಿಯುತ್ತಿತ್ತು. ದಿಲ್ಲಿಯ ಆಸ್ಪತ್ರೆಯಲ್ಲಾಗಲಿ, ಪ್ಲಾಟ್‌ಫಾರಮ್ಮಿನಲ್ಲಾಗಲಿ ಅವಳು ಅತ್ತಿರಲಿಲ್ಲ. ಎದುರಿನ ಸೀಟಿನ ಹೆಂಗಸು ಅವಳಿಗೆ ನೀರು ಕೊಟ್ಟಳು. ನಾನು ಅಜ್ಜಿಯ ಪಕ್ಕಕ್ಕೆ ಸರಿದು ಕೂತೆ.

ಕೊರಟಗೆರೆಯ ಮನೆ ಸೇರಿದಾಗ ಅಮ್ಮ ಬಾಗಿಲಲ್ಲೇ ಇದ್ದಳು. ಅಜ್ಜಿಯ ಕಾಲಿಗೆ ನೀರು ಕೊಟ್ಟಳು, ಒಳಗೆ ಕೂರಿಸಿ ಮಜ್ಜಿಗೆ ಕೊಟ್ಟಳು. ಮಗು ಯಾರ ಹಾಗಿದೆ, ಅಕ್ಕ ದಪ್ಪವಾಗಿದ್ದಾಳಾ, ಮನೆ ಎಷ್ಟು ದೊಡ್ಡದು, ಎಲ್ಲ ಕೇಳಿದಳು. ಕಡೆಗೆ, ಇಷ್ಟು ದಿನ ಕಾದಿಟ್ಟುಕೊಂಡಿದ್ದ ಪ್ರಶ್ನೆ ಕೇಳಿದಳು.

"ನಿಜವಾಗ್ಲೂ ದಿಲ್ಲಿ ಎಷ್ಟು ದೂರ ಅತ್ತೆ?"

ಅಜ್ಜಿ ಮಜ್ಜಿಗೆಯ ಲೋಟ ಕೆಳಗಿಟ್ಟಳು. ಸೆರಗಿನ ಗಂಟುಗಳ ಮೇಲೆ ಬೆರಳಾಡಿಸಿದಳು.

"ಓಗಾಕೆ ಹತ್ರ ಕಣಮ್ಮ" ಎಂದಳು. "ಬರಾಕೆ ದೂರ."

ಅಮ್ಮ ನನ್ನ ಮುಖ ನೋಡಿದಳು, ಓದಿದವಳು ಬಿಡಿಸಿ ಹೇಳಲಿ ಎಂಬಂತೆ. ನಾನು ಬಿಂದಿಗೆ ತೆಗೆದುಕೊಂಡು ನೀರಿಗೆ ಹೋದೆ.